ದೂರದ ನೆಲೆಯಲ್ಲಿರುವ ಸೈನಿಕರಿಗೆ ಪೂಲ್ ಶೋ ಮಾಡೋದು ಹೇಗೆ?

ಪೂಲ್ (ಬಿಲಿಯರ್ಡ್ಸ್ ತರಹ ಟೇಬಲ್ ಮೇಲೆ ಕೋಲಿನಿಂದ ಆಡುವ ಚೆಂಡಾಟ) ಬಗ್ಗೆ ಏನೇ ಬರೆದರೂ ಓದುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ನನಗೆ ಟ್ರಿಕ್ ಶಾಟ್ ಚೆನ್ನಾಗಿ ಬರುತ್ತೆ. ಹೊರದೇಶದಲ್ಲಿ ಡ್ಯೂಟಿ ಮೇಲಿರೋ ಅಮೆರಿಕದ ಸೈನಿಕರಿಗೆ ಒಂದು ಶೋ ಕೊಡಬೇಕು ಅಂತ ಆಸೆ. ಯಾರನ್ನ ಕೇಳಬೇಕು? ಏನೇನು ಬೇಕು?" ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಪೂಲ್ ಲೀಗ್‌ಗಳಲ್ಲಿ ಆಡುವ ಕನ್ನಡಿಗರೇ ಇದನ್ನು ಜಾಸ್ತಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಶೋ ಚೆನ್ನಾಗಿ ಆಯಿತೋ ಇಲ್ಲವೋ ಅನ್ನೋದನ್ನು ನಾನು ಎರಡು ವಿಷಯದಿಂದ ಅಳೆಯುತ್ತೇನೆ. ಎಷ್ಟು ಸೈನಿಕರ ಕೈಗೆ ಕ್ಯೂ ಹೋಯಿತು? ನೀವು ಹೊರಟ ಮೇಲೂ ಆ ಟೇಬಲ್ ಮೇಲೆ ಆಟ ಆಡುವ ಹಾಗಿದೆಯಾ? ಮುಂದೆ ಹೇಳುವ ಪ್ರತಿ ಹಂತವನ್ನೂ ಈ ಎರಡು ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡೇ ಓದಿ. ಆಗ ಏನನ್ನು ಹೊತ್ತುಕೊಂಡು ಹೋಗಬೇಕು, ಏನನ್ನು ಮನೆಯಲ್ಲೇ ಬಿಡಬೇಕು ಅನ್ನೋದು ಸುಲಭವಾಗಿ ಹೊಳೆಯುತ್ತದೆ.

ಪೂಲ್‌ಗೆ ಹೊಸಬರಿದ್ದರೆ ಕೆಲವು ಪದಗಳು ಗೊತ್ತಿರಲಿ. ಕ್ಯೂ ಅಂದರೆ ಚೆಂಡು ಹೊಡೆಯುವ ಕೋಲು. ಅದರ ತುದಿಗೆ ಅಂಟಿಸಿರುವ ಚರ್ಮದ ಬಿಲ್ಲೆಯೇ ಟಿಪ್. ಆ ಟಿಪ್‌ಗೆ ಉಜ್ಜುವ ನೀಲಿ ಪುಡಿಗಟ್ಟಿ ಚಾಕ್. ಟೇಬಲ್ ಸುತ್ತ ರಬ್ಬರ್ ಕೂಡಿಸಿರುವ ಅಂಚಿಗೆ ಕುಶನ್ ಅನ್ನುತ್ತಾರೆ. ಅಂಚಿನಲ್ಲಿ ಚೆಂಡು ಬೀಳುವ ಆರು ತೂತುಗಳೇ ಪಾಕೆಟ್. ಕ್ಯೂನಿಂದ ನೇರವಾಗಿ ಹೊಡೆಯೋದು ಬಿಳಿ ಚೆಂಡನ್ನು, ಅದು ತಾಗಿ ಉಳಿದವು ಪಾಕೆಟ್‌ಗೆ ಹೋಗಬೇಕು. ಎಕ್ಸಿಬಿಷನ್ ಅಂದರೆ ಪಂದ್ಯವಲ್ಲದ ಪ್ರದರ್ಶನ: ಒಂದಿಷ್ಟು ಟ್ರಿಕ್ ಶಾಟ್ (ಚೆಂಡುಗಳನ್ನು ಮೊದಲೇ ಹೊಂದಿಸಿಟ್ಟು ಹೊಡೆಯುವ ಚಮತ್ಕಾರದ ಏಟು), ಒಂದಿಷ್ಟು ಮಾತು, ಒಂದಿಷ್ಟು ಪಾಠ.

1. ಮೊದಲು ಶೋ ಸಿದ್ಧ ಮಾಡಿ, ಆಮೇಲೆ ಅರ್ಜಿ

ತುಂಬಾ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಚೆನ್ನಾಗಿ ಆಡೋದು ಬೇರೆ, ಶೋ ಕೊಡೋದು ಬೇರೆ. ಅಮೆರಿಕದ ಹೆಸರಾಂತ ಪೂಲ್ ಆಟಗಾರ ವಿಲ್ಲಿ ಮೊಸ್ಕೋನಿ 1954ರಲ್ಲಿ ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದೇ ಸರದಿಯಲ್ಲಿ, ಒಂದೂ ತಪ್ಪದೆ, 526 ಚೆಂಡು ಪಾಕೆಟ್‌ಗೆ ಹಾಕಿದ್ದು ಒಂದು ಎಕ್ಸಿಬಿಷನ್‌ನಲ್ಲೇ. ಆದರೆ ಅಲ್ಲಿ ನೋಡುತ್ತಿದ್ದವರು ಪೂಲ್ ಹಾಲ್‌ಗೆ ಪೂಲ್ ನೋಡಲೆಂದೇ ಬಂದವರು. ಹನ್ನೆರಡು ಗಂಟೆ ಶಿಫ್ಟ್ ಮುಗಿಸಿ ಬಂದ ಸೈನಿಕನಿಗೆ ಸಾಲಾಗಿ ಚೆಂಡು ಬೀಳೋದನ್ನು ನೋಡುತ್ತಾ ಕೂರುವ ತಾಳ್ಮೆ ಇರಬೇಕು ಅಂತ ನಿರೀಕ್ಷಿಸಬೇಡಿ. ಅರ್ಧ ನಿಮಿಷಕ್ಕೊಮ್ಮೆ ಏನಾದರೂ ಆಗುತ್ತಿರಬೇಕು.

ನಲವತ್ತೈದು ನಿಮಿಷದ ಶೋ ಕಟ್ಟಿ. ಅದರಲ್ಲಿ ಶಾಟ್‌ಗಳಿಗೆ ಅರ್ಧದಷ್ಟು ಸಮಯ ಸಾಕು. ಉಳಿದದ್ದು ಪ್ರೇಕ್ಷಕರಿಗೆ. ಪ್ರತಿ ಶಾಟ್‌ಗೂ ಹೊಂದಿಸುವ ಸಮಯ ಗಡಿಯಾರ ಹಿಡಿದು ನೋಡಿಕೊಳ್ಳಿ. ಹೊಂದಿಸೋಕೆ ಎರಡು ನಿಮಿಷ ಹಿಡಿಯುವ ಶಾಟ್ ಎಷ್ಟೇ ಸೊಗಸಾಗಿದ್ದರೂ ಬಿಟ್ಟುಬಿಡಿ. ಇಲ್ಲವೇ ಆ ಎರಡು ನಿಮಿಷ ತುಂಬುವಷ್ಟು ಮಾತು ನಿಮ್ಮ ಹತ್ತಿರ ಇರಲಿ.

ಶಾಟ್ ಆರಿಸುವಾಗ ಒಂದು ಪರೀಕ್ಷೆ ಮಾಡಿ. ನಿಮ್ಮ ಅಭ್ಯಾಸದ ಟೇಬಲ್ ಬಿಟ್ಟು ಅತಿ ಕೆಟ್ಟ ಟೇಬಲ್ ಹುಡುಕಿ, ಅದರ ಮೇಲೆ ಹೊಡೆದು ನೋಡಿ. ಬಟ್ಟೆ ಸವೆದಿರಬೇಕು, ಕುಶನ್ ಚೆಂಡನ್ನು ಪುಟಿಸದಷ್ಟು ಸತ್ತಿರಬೇಕು, ಚೆಂಡು ಕೊಳೆಯಾಗಿರಬೇಕು. ಅಲ್ಲಿ ಹತ್ತಕ್ಕೆ ಎಂಟು ಸಲ ಕೂರುವ ಶಾಟ್ ಮಾತ್ರ ನಿಮ್ಮ ಪಟ್ಟಿಗೆ ಬರಲಿ. ಮೂರು ನಾಲ್ಕು ಕುಶನ್ ತಿರುಗಿ ಬರುವ ಶಾಟ್‌ಗಳು ಟೇಬಲ್ ಬದಲಾದ ಕೂಡಲೇ ಕೈಕೊಡುತ್ತವೆ. ಒಂದಕ್ಕೊಂದು ತಾಗಿಸಿಟ್ಟ ಚೆಂಡುಗಳಿಂದ ಆಗುವ ಶಾಟ್‌ಗಳು ಅಷ್ಟು ಬೇಗ ಕೈಬಿಡುವುದಿಲ್ಲ. ಒಂದೇ ಏಟಿಗೆ ಆರು ಚೆಂಡು ಆರು ಪಾಕೆಟ್‌ಗೆ ಹೋಗುವ 'ಬಟರ್‌ಫ್ಲೈ' ಶಾಟ್ ಇಷ್ಟೊಂದು ಜನಪ್ರಿಯ ಆಗಿರೋದಕ್ಕೆ ಅದೂ ಒಂದು ಕಾರಣ. ನೋಡೋಕೆ ಮಹಾ ಕಷ್ಟ ಅನಿಸುತ್ತದೆ. ಹೊಂದಿಸೋದು ಸರಿಯಾಗಿದ್ದರೆ ಹೊಡೆಯೋದು ಕಷ್ಟವಲ್ಲ.

ಶೋ ಸಿದ್ಧವಾದ ಮೇಲೆ ಮೊದಲು ಅಮೆರಿಕದೊಳಗೇ ನಡೆಸಿ ನೋಡಿ. ಹತ್ತಿರದ ಸೇನಾ ನೆಲೆಯ ಮನರಂಜನಾ ಕೇಂದ್ರ, ಮಾಜಿ ಸೈನಿಕರ ಆಸ್ಪತ್ರೆ, ಮಾಜಿ ಸೈನಿಕರ ಸಂಘದ ಹಾಲ್, ಇವೆಲ್ಲ ಒಳ್ಳೆಯ ಜಾಗ. ಅಲ್ಲಿ ವಿಡಿಯೋ ಮಾಡಿಸಿ. ಮುಂದಿನ ಅರ್ಜಿಗೆ ಬೇಕಾಗುವ ಮುಖ್ಯ ಸಾಕ್ಷಿ ಅದೇ.

2. ಯಾವ ಬಾಗಿಲು ತಟ್ಟಬೇಕು?

ಮೂರು ದಾರಿಗಳಿವೆ.

ಒಂದು, ಆರ್ಮ್ಡ್ ಫೋರ್ಸಸ್ ಎಂಟರ್‌ಟೈನ್‌ಮೆಂಟ್. ಇದು ಅಮೆರಿಕದ ರಕ್ಷಣಾ ಇಲಾಖೆಯದೇ ವಿಭಾಗ, 1951ರಿಂದ ಇದೆ. ಹೊರದೇಶದ ನೆಲೆಗಳಿಗೆ ಕಲಾವಿದರನ್ನು ಕಳಿಸೋದೇ ಇದರ ಕೆಲಸ. ದೊಡ್ಡ ಹೆಸರಿಲ್ಲದ ಕಲಾವಿದರಿಗೂ ಇಲ್ಲಿ ಜಾಗ ಇದೆ. ಹಾಗಾಗಿ ನಿಮ್ಮಂಥವರು ಮೊದಲು ಇಲ್ಲಿಗೇ ಅರ್ಜಿ ಹಾಕಬೇಕು ಅನ್ನೋದು ನನ್ನ ಸಲಹೆ.

ಎರಡು, ಯುಎಸ್‌ಒ, ಅಂದರೆ ಯುನೈಟೆಡ್ ಸರ್ವೀಸ್ ಆರ್ಗನೈಸೇಷನ್ಸ್, ಸೈನಿಕರ ಮನರಂಜನೆ ನೋಡಿಕೊಳ್ಳುವ ಸಂಸ್ಥೆ. 1941ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕೋರಿಕೆಯ ಮೇಲೆ ಸಾಲ್ವೇಶನ್ ಆರ್ಮಿ, ವೈಎಂಸಿಎ ಸೇರಿದಂತೆ ಆರು ಸಂಸ್ಥೆಗಳು ಕೂಡಿ ಕಟ್ಟಿದ್ದು. ಇದು ಸರ್ಕಾರದ ಇಲಾಖೆ ಅಲ್ಲ, ದೇಣಿಗೆಯಿಂದ ನಡೆಯುವ ಸಂಸ್ಥೆ. ಹಾಸ್ಯಗಾರ ಬಾಬ್ ಹೋಪ್ ಅದೇ ವರ್ಷ ಕ್ಯಾಲಿಫೋರ್ನಿಯಾದ ಮಾರ್ಚ್ ಫೀಲ್ಡ್‌ನಲ್ಲಿ ಸೈನಿಕರ ಮುಂದೆ ಕಾರ್ಯಕ್ರಮ ಕೊಟ್ಟವರು, ಐವತ್ತು ವರ್ಷದ ಹತ್ತಿರ ಹತ್ತಿರ ಈ ಕೆಲಸ ಬಿಡಲಿಲ್ಲ. ಯುಎಸ್‌ಒ ಪ್ರವಾಸಗಳಲ್ಲಿ ಹೆಸರಾಂತ ತಾರೆಯರೇ ಜಾಸ್ತಿ. ಆದರೆ ಅವರ ಕೇಂದ್ರಗಳು ಏರ್‌ಪೋರ್ಟ್‌ಗಳಲ್ಲಿ, ನೆಲೆಗಳಲ್ಲಿ ಇವೆ. ಅಲ್ಲಿ ಒಂದು ಸಂಜೆಯ ಶೋಗೆ ನೇರವಾಗಿ ಕೇಂದ್ರದವರನ್ನೇ ಕೇಳಬಹುದು.

ಮೂರು, ನೆಲೆಯ ಎಂಡಬ್ಲ್ಯುಆರ್ ಕಚೇರಿ. ಸೈನಿಕರ ಮನೋಬಲ, ಕ್ಷೇಮ, ಮನರಂಜನೆ ನೋಡಿಕೊಳ್ಳುವ ವಿಭಾಗಕ್ಕೆ ಈ ಚುಟುಕು ಹೆಸರು. ಟೆಂಟ್‌ನಲ್ಲಿರಲಿ, ಕಟ್ಟಡದಲ್ಲಿರಲಿ, ಪೂಲ್ ಟೇಬಲ್ ಇರೋದು ಸಾಮಾನ್ಯವಾಗಿ ಇವರ ಹತ್ತಿರವೇ. ಜರ್ಮನಿಯ ರಾಮ್‌ಸ್ಟೈನ್, ದಕ್ಷಿಣ ಕೊರಿಯಾದ ಕ್ಯಾಂಪ್ ಹಂಫ್ರೀಸ್‌ನಂಥ ಕಾಯಂ ನೆಲೆಗಳಲ್ಲಿ ಸೌಕರ್ಯ ಚೆನ್ನಾಗಿರುತ್ತದೆ. ಕೆಲವು ಕಡೆ ಕುಟುಂಬದವರೂ ಜೊತೆಗಿರುತ್ತಾರೆ. ಕುವೈತ್‌ನ ಕ್ಯಾಂಪ್ ಆರಿಫ್‌ಜಾನ್, ಜಿಬೂತಿಯ ಕ್ಯಾಂಪ್ ಲೆಮೊನಿಯೆ ತರಹದ ಜಾಗಗಳಿಗೆ ಸೈನಿಕರು ತಿಂಗಳುಗಟ್ಟಲೆ ಮನೆಯವರನ್ನು ಬಿಟ್ಟು ಬಂದಿರುತ್ತಾರೆ. ಎರಡಕ್ಕೂ ಒಂದೇ ಶೋ ಒಗ್ಗುವುದಿಲ್ಲ ಅನ್ನೋದು ನೆನಪಿರಲಿ.

ಇಲ್ಲಿ ಎಡವೋದು ಎಲ್ಲಿ ಅಂದರೆ, ಪರಿಚಯದ ಸೈನಿಕ "ಬನ್ನಿ, ನಮ್ಮ ನೆಲೆಯಲ್ಲಿ ಮಾಡೋಣ" ಅಂದ ಕೂಡಲೇ ಟಿಕೆಟ್ ಬುಕ್ ಮಾಡೋದು. ಅವನ ಪ್ರೀತಿ ದೊಡ್ಡದು. ಆದರೆ ಆಹ್ವಾನ ಕೊಡುವ ಅಧಿಕಾರ ಅವನಿಗಿರುವುದಿಲ್ಲ. ಅವನಿಂದ ಎಂಡಬ್ಲ್ಯುಆರ್ ಅಧಿಕಾರಿಯ ಸಂಪರ್ಕ ಪಡೆದುಕೊಳ್ಳಿ, ಅಷ್ಟೇ.

3. ಅರ್ಜಿ ಮತ್ತು ಕಾಗದಪತ್ರ

ಅರ್ಜಿಯ ಜೊತೆಗೆ ಇವು ಸಿದ್ಧ ಇರಲಿ: ಒಂದು ಪುಟದ ಪರಿಚಯ, ಸ್ಪಷ್ಟವಾದ ಕೆಲವು ಫೋಟೋ, ನಿಜವಾದ ಪ್ರೇಕ್ಷಕರ ಮುಂದೆ ನಡೆದ ಶೋದ ವಿಡಿಯೋ, ಹಿಂದೆ ಶೋ ಮಾಡಿಸಿದವರ ಅಭಿಪ್ರಾಯ ಪತ್ರ, ತಂಡದಲ್ಲಿ ಎಷ್ಟು ಜನ, ಎಷ್ಟು ಸಾಮಾನು, ಏನೇನು ವ್ಯವಸ್ಥೆ ಬೇಕು ಅನ್ನುವ ಪಟ್ಟಿ. ವಿಡಿಯೋದಲ್ಲಿ ಬರೀ ಶಾಟ್ ತೋರಿಸಬೇಡಿ. ಜನ ನಗುತ್ತಿರೋದು, ಚಪ್ಪಾಳೆ ಹೊಡೆಯುತ್ತಿರೋದು ಕಾಣಬೇಕು. ಎಡಿಟ್ ಮಾಡಿ ಒಳ್ಳೊಳ್ಳೆ ಶಾಟ್ ಮಾತ್ರ ಜೋಡಿಸಿದ ವಿಡಿಯೋ ನೋಡಿದರೆ ನೀವು ಒಂದು ಸಂಜೆಯನ್ನು ನಡೆಸಿಕೊಡಬಲ್ಲಿರಾ ಅನ್ನೋದು ಗೊತ್ತಾಗುವುದಿಲ್ಲ, ಅಲ್ವಾ?

ತಂಡ ಚಿಕ್ಕದಿದ್ದಷ್ಟೂ ನಿಮಗೇ ಅನುಕೂಲ. ಇಬ್ಬರು ಸಾಕು. ಒಬ್ಬರು ಹೊಡೆಯುವವರು, ಇನ್ನೊಬ್ಬರು ಚೆಂಡು ಹೊಂದಿಸುತ್ತಾ ಪ್ರೇಕ್ಷಕರನ್ನು ಮಾತಾಡಿಸುವವರು. ದೂರದ ಸಣ್ಣ ನೆಲೆಗಳಿಗೆ ಹೆಲಿಕಾಪ್ಟರ್‌ನಲ್ಲೇ ಹೋಗಬೇಕಾಗಬಹುದು. ಅಲ್ಲಿ ಇಬ್ಬರಿಗೆ ಸೀಟು ಸಿಗುವಷ್ಟು ಸುಲಭವಾಗಿ ಐವರಿಗೆ ಸಿಗುವುದಿಲ್ಲ. ಇಂಥ ನೆಲೆಗಳಿಗೇ ಮನರಂಜನೆ ತಲುಪೋದು ಕಡಿಮೆ. ದೊಡ್ಡ ಬ್ಯಾಂಡ್ ಹೋಗಲಾಗದ ಕಡೆಗೆ ಪೂಲ್ ಆಟಗಾರ ಒಂದು ಕ್ಯೂ ಚೀಲ ಹಿಡಿದು ಹೋಗಬಹುದು. ಅರ್ಜಿಯಲ್ಲಿ ಇದನ್ನು ಒತ್ತಿ ಬರೆಯಿರಿ.

ಒಪ್ಪಿಗೆ ಸಿಕ್ಕ ಮೇಲೆ ಪಾಸ್‌ಪೋರ್ಟ್, ಆರೋಗ್ಯ ತಪಾಸಣೆ, ಲಸಿಕೆ, ತುರ್ತು ಸಂಪರ್ಕದ ವಿವರ, ಆ ದೇಶಕ್ಕೆ ಪ್ರವೇಶದ ಅನುಮತಿ ಇವೆಲ್ಲ ಬರುತ್ತವೆ. ಪಾಸ್‌ಪೋರ್ಟ್ ಅವಧಿ ಮುಗಿಯೋಕೆ ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಇವತ್ತೇ ನವೀಕರಣಕ್ಕೆ ಹಾಕಿ. ಸರ್ಕಾರಿ ನೌಕರರಲ್ಲದವರು ಸೇನೆಯ ಕೆಲಸಕ್ಕೆ ಪ್ರಯಾಣ ಮಾಡಲು 'ಇನ್ವಿಟೇಶನಲ್ ಟ್ರಾವೆಲ್ ಆರ್ಡರ್' ಅನ್ನುವ ಪತ್ರ ಕೊಡುತ್ತಾರೆ. ಅದರ ಹಲವಾರು ಪ್ರತಿ ಮಾಡಿಸಿ ಬೇರೆ ಬೇರೆ ಚೀಲಗಳಲ್ಲಿಡಿ. ನೀವು ಅಮೆರಿಕದ ಪೌರರಲ್ಲದಿದ್ದರೆ ಆ ವಿಷಯವನ್ನು ಮೊದಲ ಮಾತಿನಲ್ಲೇ ಹೇಳಿ. ಕೊನೆಯಲ್ಲಿ ತಿಳಿದರೆ ಇಡೀ ಪ್ರವಾಸವೇ ನಿಂತೀತು.

ದುಡ್ಡಿನ ವಿಷಯ. ಇದನ್ನು ಸಂಪಾದನೆ ಅಂತ ಹೋಗಬೇಡಿ. ಪ್ರಯಾಣ, ಊಟ, ವಸತಿ ಯಾರದು, ದಿನಭತ್ಯೆ ಇದೆಯಾ, ಕ್ಯೂ ಮುರಿದರೆ ಯಾರ ಹೊಣೆ, ಎಲ್ಲವನ್ನೂ ಬರವಣಿಗೆಯಲ್ಲೇ ಕೇಳಿ ಪಡೆದುಕೊಳ್ಳಿ.

4. ಸಾಮಾನು ಕಟ್ಟೋದು

ಟೇಬಲ್ ತೆಗೆದುಕೊಂಡು ಹೋಗುವ ಯೋಚನೆ ಬಿಡಿ. ಒಳ್ಳೆಯ ಟೇಬಲ್‌ನ ಬಟ್ಟೆಯ ಕೆಳಗೆ ಒಂದಂಗುಲ ದಪ್ಪದ ಸ್ಲೇಟ್ ಕಲ್ಲಿರುತ್ತದೆ. 8 ಅಡಿ ಟೇಬಲ್‌ಗೆ ಆ ಕಲ್ಲೊಂದೇ 200 ಕಿಲೋಗೂ ಜಾಸ್ತಿ. ಅಲ್ಲಿ ಏನಿದೆಯೋ ಅದರ ಮೇಲೇ ಆಡಬೇಕು.

ನಿಮ್ಮ ಚೀಲದಲ್ಲಿ ಇರಬೇಕಾದ್ದು:

ಎರಡು ತುಂಡಾಗಿ ಬಿಚ್ಚುವ ಕ್ಯೂ ಎರಡು, ಒಂದೊಂದೂ ಬೇರೆ ಗಟ್ಟಿ ಕವಚದ ಪೆಟ್ಟಿಗೆಯಲ್ಲಿ. ಜಂಪ್ ಶಾಟ್‌ಗೆ ಒಂದು ಚಿಕ್ಕ ಕ್ಯೂ. ಜಂಪ್ ಶಾಟ್ ಅಂದರೆ ಬಿಳಿ ಚೆಂಡು ಇನ್ನೊಂದು ಚೆಂಡಿನ ಮೇಲಿಂದ ಹಾರುವ ಹಾಗೆ ಹೊಡೆಯೋದು. ನಿಮ್ಮದೇ ಒಂದು ಪೂರ್ತಿ ಸೆಟ್ ಚೆಂಡು. ಇದು ಭಾರ ಹೌದು, ಒಂದೊಂದು ಚೆಂಡೂ 156ರಿಂದ 170 ಗ್ರಾಂ ತೂಗುತ್ತದೆ, ಹದಿನಾರು ಚೆಂಡು ಸೇರಿದರೆ ಎರಡೂವರೆ ಕಿಲೋ ದಾಟುತ್ತದೆ. ಆದರೂ ಬಿಡಬೇಡಿ. ಎಷ್ಟೋ ಕಡೆ ಸೆಟ್‌ನಲ್ಲಿ ಒಂದೆರಡು ಚೆಂಡು ಕಾಣೆಯಾಗಿರುತ್ತವೆ, ಇಲ್ಲವೇ ಬಿಳಿ ಚೆಂಡು ಉಳಿದವಕ್ಕಿಂತ ದೊಡ್ಡದಿರುತ್ತದೆ.

ಇವುಗಳ ಜೊತೆ ಟಿಪ್‌ಗಳು, ಅವನ್ನು ಅಂಟಿಸುವ ಅಂಟು, ಟಿಪ್ ಉಜ್ಜುವ ಸಾಧನ, ಡಜನ್‌ಗಟ್ಟಲೆ ಚಾಕ್, ಚೆಂಡು ಒರೆಸುವ ಮೆತ್ತನೆ ಬಟ್ಟೆ, ಟೇಬಲ್ ಬ್ರಷ್, ಒಂದು ಪುಟ್ಟ ರಸಮಟ್ಟ, ಒಂದು ಕಟ್ಟು ಹಳೆಯ ಇಸ್ಪೀಟೆಲೆ, ಕುತ್ತಿಗೆಗೆ ಅಥವಾ ತಲೆಗೆ ಹಾಕುವ ಮೈಕ್. ಕೈಯಲ್ಲಿ ಹಿಡಿಯುವ ಮೈಕ್ ಪ್ರಯೋಜನಕ್ಕೆ ಬಾರದು, ಎರಡೂ ಕೈ ಕ್ಯೂ ಮೇಲಿರುತ್ತವೆ. ಕಡತದ ಹಾಳೆಯ ತೂತು ಹರಿಯದಂತೆ ಅಂಟಿಸುವ ಸಣ್ಣ ಕಾಗದದ ಉಂಗುರಗಳು ಬರುತ್ತವಲ್ಲ, ಅವೂ ಒಂದು ಪ್ಯಾಕೆಟ್ ಇರಲಿ. ಅವು ಯಾಕೆ ಅನ್ನೋದು ಮುಂದೆ ಬರುತ್ತದೆ.

ಎಚ್ಚರ: ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಕ್ಯೂ ಅನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ. 2013ರಲ್ಲಿ ಬಿಡುವ ಪ್ರಸ್ತಾಪ ಬಂದಿತ್ತು, ಆಮೇಲೆ ಕೈಬಿಟ್ಟರು. ಹಾಗಾಗಿ ಕ್ಯೂ ಯಾವಾಗಲೂ ಚೆಕ್‌ಇನ್ ಸಾಮಾನಿನಲ್ಲೇ. ಅದು ದಾರಿ ತಪ್ಪಿದರೆ ಅಂತ ಎರಡು ಕ್ಯೂಗಳನ್ನು ಎರಡು ಬೇರೆ ಚೀಲಗಳಲ್ಲಿಡಿ. ಮಿಲಿಟರಿ ಬಣ್ಣದ, ಎಲೆಚುಕ್ಕೆ ವಿನ್ಯಾಸದ ಬಟ್ಟೆ ಮಾತ್ರ ತರಬೇಡಿ. ನೀವು ಸೈನಿಕರಲ್ಲ ಅನ್ನೋದು ದೂರದಿಂದಲೇ ಗೊತ್ತಾಗಬೇಕು.

5. ಟೇಬಲ್ ತಪಾಸಣೆ

ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ತುಂಬಾ ಮುಖ್ಯವಾದ ಹಂತ ಇದೇ. ಶೋಗೆ ಮೂರು ಗಂಟೆ ಮೊದಲಾದರೂ ಟೇಬಲ್ ಮುಟ್ಟುವ ಅವಕಾಶ ಕೇಳಿಕೊಳ್ಳಿ.

ಮೊದಲು ಅಳತೆ. 9 ಅಡಿ ಟೇಬಲ್‌ನ ಆಟದ ಜಾಗ 100 ಅಂಗುಲ ಉದ್ದ, 50 ಅಂಗುಲ ಅಗಲ. 8 ಅಡಿಯದು 88ಕ್ಕೆ 44. 7 ಅಡಿಯವೂ ಇವೆ. ಅಳತೆ ಏನೇ ಇರಲಿ, ಉದ್ದ ಅಗಲದ ಎರಡರಷ್ಟೇ ಇರಬೇಕು. ನೀವು 9 ಅಡಿಯ ಮೇಲೆ ಅಭ್ಯಾಸ ಮಾಡಿದ್ದರೆ 7 ಅಡಿಯ ಮೇಲೆ ಚೆಂಡುಗಳ ನಡುವಿನ ದೂರವೆಲ್ಲ ಬದಲಾಗುತ್ತದೆ, ಆದರೆ ಚೆಂಡಿನ ಗಾತ್ರ ಅದೇ ಎರಡೂಕಾಲು ಅಂಗುಲ. ಹಾಗಾಗಿ ಪ್ರತಿ ಶಾಟ್‌ನ ನಕ್ಷೆಯನ್ನು ಅಂಗುಲದಲ್ಲಿ ಬರೆದುಕೊಳ್ಳಬೇಡಿ. ಕುಶನ್ ಮೇಲಿನ ಗುರುತುಗಳನ್ನು ನೋಡಿ ಬರೆದುಕೊಳ್ಳಿ. ಉದ್ದದ ಬದಿಯನ್ನು ಎಂಟು ಪಾಲು, ಅಗಲದ ಬದಿಯನ್ನು ನಾಲ್ಕು ಪಾಲು ಮಾಡುವ ಚುಕ್ಕೆಗಳು ಬಹುತೇಕ ಎಲ್ಲ ಟೇಬಲ್‌ನಲ್ಲೂ ಇರುತ್ತವೆ.

ಎರಡನೆಯದು ಮಟ್ಟ. ಮರಳಿನ ಮೇಲೆ, ಪ್ಲೈವುಡ್ ನೆಲದ ಮೇಲೆ ನಿಲ್ಲಿಸಿದ ಟೇಬಲ್ ದಿನೇ ದಿನೇ ವಾಲುತ್ತದೆ. ರಸಮಟ್ಟವನ್ನು ನಡುವೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟು ನೋಡಿ. ಆಮೇಲೆ ಒಂದು ಚೆಂಡನ್ನು ತೀರಾ ನಿಧಾನವಾಗಿ ಉರುಳಿಸಿ. ನಿಲ್ಲುವ ಮುನ್ನ ಕೊನೆಯ ಗೇಣಿನಲ್ಲಿ ಯಾವ ಕಡೆಗೆ ತಿರುಗುತ್ತದೆ ಅನ್ನೋದನ್ನೇ ನೋಡಬೇಕು. ಅಲ್ಲಿ ತಿರುಗಿದರೆ ಆ ಕಡೆ ತಗ್ಗು. ಕಾಲುಗಳಿಗೆ ತಿರುಪು ಇದ್ದರೆ ಅದರಿಂದ ಎತ್ತರಿಸಿ. ಇಲ್ಲದಿದ್ದರೆ ಟೇಬಲ್ ಅನ್ನು ನಾಲ್ಕು ಜನರಿಂದ ಒಂದಿಷ್ಟೇ ಎತ್ತಿಸಿ ಕಾಲಿನ ಕೆಳಗೆ ಇಸ್ಪೀಟೆಲೆ ಸೇರಿಸಿ. ಒಂದೊಂದೇ ಎಲೆ ಸೇರಿಸುತ್ತಾ ಹೋದರೆ ಬೇಕಾದಷ್ಟೇ ಎತ್ತರ ಸಿಗುತ್ತದೆ. ಟೇಬಲ್ ಅನ್ನು ನೆಲದ ಮೇಲೆ ಎಳೆಯಬೇಡಿ. ಎಳೆದರೆ ಸ್ಲೇಟ್‌ನ ತುಂಡುಗಳ ನಡುವಿನ ಬೆಸುಗೆ ಬಿಡುತ್ತದೆ.

ಮೂರನೆಯದು ಬಟ್ಟೆ ಮತ್ತು ಚೆಂಡು. ದೂಳು ತುಂಬಿದ ಬಟ್ಟೆಯನ್ನು ಒಂದೇ ದಿಕ್ಕಿನಲ್ಲಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಬ್ರಷ್ ಮಾಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಉಣ್ಣೆಯ ಬಟ್ಟೆ ತೇವ ಹೀರಿ ಚೆಂಡು ನಿಧಾನ ಆಗುತ್ತದೆ, ಬಿಸಿ ಒಣಹವೆಯಲ್ಲಿ ಓಟ ಹೆಚ್ಚುತ್ತದೆ. ಚೆಂಡುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಉಜ್ಜಿ. ಇದು ಬರೀ ಅಂದಕ್ಕಲ್ಲ. ತಾಗಿಸಿಟ್ಟ ಎರಡು ಚೆಂಡುಗಳ ನಡುವಿನ ಉಜ್ಜಾಟದಿಂದ ಮುಂದಿನ ಚೆಂಡು ತನ್ನ ನೇರ ದಾರಿ ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ. ಆಟಗಾರರು ಇದಕ್ಕೆ 'ಥ್ರೋ' ಅನ್ನುತ್ತಾರೆ. ಕೊಳೆ ಚೆಂಡಿನಲ್ಲಿ ಥ್ರೋ ಜಾಸ್ತಿ, ನುಣುಪು ಚೆಂಡಿನಲ್ಲಿ ಕಡಿಮೆ. ನಿಮ್ಮ ಶಾಟ್ ಮನೆಯಲ್ಲಿ ಸರಿಯಾಗಿ ಬಿದ್ದು ಇಲ್ಲಿ ತಪ್ಪಿದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಈಗ ಆ ಕಾಗದದ ಉಂಗುರ. ಪ್ರತಿ ಶಾಟ್ ಹೊಂದಿಸಿ, ಹೊಡೆದು, ಸರಿಯಾಗಿ ಬಿದ್ದ ಜಾಗದಲ್ಲಿ ಚೆಂಡಿನ ಅಡಿಗೆ ಒಂದು ಉಂಗುರ ಅಂಟಿಸಿ. ಚೆಂಡು ಉಂಗುರದ ತೂತಿನಲ್ಲಿ ಅಲುಗದೆ ಕೂರುತ್ತದೆ, ಇಳಿಜಾರಿನ ಟೇಬಲ್ ಮೇಲೂ ಉರುಳುವುದಿಲ್ಲ. ಶೋ ವೇಳೆ ಮತ್ತೆ ಅಳೆಯುವ ಕೆಲಸವೇ ಇರುವುದಿಲ್ಲ. ಆದರೆ ಬೇರೆ ಚೆಂಡು ಓಡುವ ದಾರಿಯಲ್ಲಿ ಉಂಗುರ ಬರದಂತೆ ನೋಡಿಕೊಳ್ಳಿ. ಮುಗಿದ ಮೇಲೆ ಎಲ್ಲವನ್ನೂ ಕಿತ್ತು, ಅಂಟು ಉಳಿಯದಂತೆ ಸ್ವಚ್ಛ ಮಾಡಿ.

ಕೆಲವರು ತಾಗಿಸಿಟ್ಟ ಚೆಂಡುಗಳನ್ನು ಇನ್ನೊಂದು ಚೆಂಡಿನಿಂದ ಮೇಲೆ ತಟ್ಟಿ ಕೂರಿಸುತ್ತಾರೆ. ಬಟ್ಟೆಯ ಮೇಲೆ ಕಾಣದಷ್ಟು ಸಣ್ಣ ಗುಳಿ ಬೀಳುತ್ತದೆ, ಚೆಂಡು ಅಲುಗುವುದಿಲ್ಲ. ನಿಮ್ಮ ಸ್ವಂತ ಟೇಬಲ್ ಮೇಲೆ ಬೇಕಾದರೆ ಮಾಡಿ. ಇವರ ಟೇಬಲ್ ಮೇಲೆ ಬೇಡ. ನೀವು ಹೋದ ಮೇಲೆ ಆ ಗುಳಿಗಳ ಮೇಲೇ ಅವರು ಆಡಬೇಕು.

6. ನೋಡುವವರಿಗೆ ಕಾಣುವಂತೆ

ಟೇಬಲ್‌ನ ಎತ್ತರ ಮೂವತ್ತು ಅಂಗುಲದ ಆಸುಪಾಸು. ಸುತ್ತ ಎರಡು ಸಾಲು ಜನ ನಿಂತರೆ ಮೂರನೇ ಸಾಲಿನವರಿಗೆ ಬಟ್ಟೆಯೇ ಕಾಣುವುದಿಲ್ಲ. ಮೊದಲ ಸಾಲನ್ನು ನೆಲದ ಮೇಲೆ ಕೂರಿಸಬೇಡಿ, ಅವರಿಗೆ ಅಂಚು ಮಾತ್ರ ಕಾಣುತ್ತದೆ. ಮೊದಲ ಸಾಲು ಕುರ್ಚಿಯಲ್ಲಿ, ಎರಡನೆಯದು ನಿಂತುಕೊಂಡು, ಮೂರನೆಯದು ಬೆಂಚಿನ ಮೇಲೆ ಹತ್ತಿ. ಟೇಬಲ್ ಮೇಲೆ ಒಂದು ಕ್ಯಾಮೆರಾ ಕಟ್ಟಿ ಟಿವಿಗೆ ಜೋಡಿಸಿದರೆ ಇನ್ನೂ ಒಳ್ಳೆಯದು. ಆದರೆ ಜನರೇಟರ್ ಯಾವಾಗ ನಿಲ್ಲುತ್ತದೋ ಹೇಳೋಕಾಗಲ್ಲ, ಅದನ್ನೇ ನಂಬಿ ಕೂರಬೇಡಿ. ಇನ್ನೂರು ಜನರ ಒಂದು ಶೋಗಿಂತ ಐವತ್ತು ಜನರ ಎರಡು ಶೋ ಮೇಲು. ಒಂದನ್ನು ರಾತ್ರಿ ಪಾಳಿಯವರಿಗೆ ಸರಿಹೊಂದುವ ಹೊತ್ತಿಗೆ ಇಡಿ. ಅವರನ್ನು ಎಲ್ಲರೂ ಮರೆಯುತ್ತಾರೆ.

7. ಶೋ

ಮೊದಲ ಎರಡು ನಿಮಿಷದಲ್ಲೇ ಒಂದು ಜೋರಾದ, ಎಲ್ಲರಿಗೂ ಅರ್ಥವಾಗುವ ಶಾಟ್ ಹೊಡೆಯಿರಿ. ನಿಮ್ಮ ಸಾಧನೆಗಳ ಪಟ್ಟಿ ಓದೋದು ಬೇಡ. ಆಮೇಲೆ ಕೂಡಲೇ ಒಬ್ಬ ಸೈನಿಕನನ್ನು ಟೇಬಲ್ ಹತ್ತಿರ ಕರೆಯಿರಿ. ಸುಮ್ನೆ ನಿಲ್ಲಿಸೋಕಲ್ಲ, ಹೊಡೆಸೋಕೆ.

ಪೂಲ್ ಬಾರದವರಿಂದಲೂ ಹೊಡೆಸಬಹುದಾದ ಒಂದು ಶಾಟ್ ಹೇಳುತ್ತೇನೆ. ಮೂಲೆಯ ಪಾಕೆಟ್‌ನಿಂದ ಎರಡು ಗೇಣು ದೂರದಲ್ಲಿ ಎರಡು ಚೆಂಡುಗಳನ್ನು ತಾಗಿಸಿಡಿ. ಎರಡರ ನಡುಬಿಂದುಗಳನ್ನು ಸೇರಿಸುವ ಗೆರೆ ನೇರವಾಗಿ ಪಾಕೆಟ್‌ನ ಮಧ್ಯಕ್ಕೆ ಹೋಗಬೇಕು. ಅದೇ ಗೆರೆಯ ಹಿಂದೆ, ಸುಮಾರು ಅಷ್ಟೇ ದೂರದಲ್ಲಿ ಬಿಳಿ ಚೆಂಡು. ಈಗ ಹಿಂದಿನ ಚೆಂಡಿಗೆ ಹೆಚ್ಚುಕಡಿಮೆ ಹಿಂದಿನಿಂದ ತಾಗಿದರೆ ಸಾಕು, ಮುಂದಿನ ಚೆಂಡು ಪಾಕೆಟ್‌ಗೆ ಹೋಗುತ್ತದೆ. ಏಟು ಸ್ವಲ್ಪ ಆಚೆ ಈಚೆ ಆದರೂ ನಡೆಯುತ್ತದೆ. ಈಗ ಆ ಸೈನಿಕನ ಸ್ನೇಹಿತರು ಗಲಾಟೆ ಮಾಡುತ್ತಿರುವಾಗ ಅವನಿಗೆ ಒಂದು ಟೋಪಿಯಿಂದ ಬಿಳಿ ಚೆಂಡಿನ ಮುಂದಿನ ನೋಟ ಮರೆಮಾಡಿ ಹೊಡೆಯಲು ಹೇಳಿ. ಚೆಂಡು ಬೀಳುತ್ತದೆ. ಆ ಕ್ಷಣದ ಕೂಗು ನಿಮ್ಮ ಯಾವ ಶಾಟ್‌ಗೂ ಬರುವುದಿಲ್ಲ, ಬರಲೂಬಾರದು.

ಕರೆಯುವಾಗ ದೊಡ್ಡ ಅಧಿಕಾರಿಯನ್ನೇ ಕರೆಯುವ ಚಾಳಿ ಬೇಡ. ಅವರನ್ನೂ ಒಂದು ಸಲ ಕರೆಯಿರಿ, ಅವರ ಹುಡುಗರಿಗೆ ಖುಷಿ ಆಗುತ್ತದೆ. ಆದರೆ ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿರುವ ಕಿರಿಯರೇ ನಿಮ್ಮ ಮುಖ್ಯ ಅತಿಥಿಗಳು. ಯಾರಾದರೂ ಬರಲ್ಲ ಅಂದರೆ ಎರಡನೇ ಸಲ ಕೇಳಬೇಡಿ.

ಶಾಟ್ ತಪ್ಪಿದರೆ? ಮತ್ತೊಮ್ಮೆ ಹೊಡೆಯಿರಿ. ಮೂರು ಸಲ ತಪ್ಪಿದರೆ ಮುಂದಿನದಕ್ಕೆ ಹೋಗಿ. ಟೇಬಲ್ ಸರಿ ಇಲ್ಲ ಅಂತ ಮಾತ್ರ ಬಾಯಿ ಬಿಡಬೇಡಿ. ಅವರ ಹತ್ತಿರ ಇರೋದು ಅದೊಂದೇ ಟೇಬಲ್.

ಸುರಕ್ಷತೆಗೆ ಸಂಬಂಧಿಸಿ ಒಂದು ನಿಯಮವನ್ನು ನಾನು ಯಾವ ಕಾರಣಕ್ಕೂ ಸಡಿಲಿಸುವುದಿಲ್ಲ. ಯಾರ ಬಾಯಲ್ಲೂ ಚಾಕ್ ಇಟ್ಟು, ಯಾರ ಮುಖದ ಹತ್ತಿರವೂ ಚೆಂಡು ಹಾರಿಸುವ ಶಾಟ್ ಬೇಡ. ಹಳೆಯ ಶೋಗಳಲ್ಲಿ ಇದು ರೂಢಿ. ಆದರೆ ನೂರೈವತ್ತು ಗ್ರಾಂ ಮೀರಿದ ಗಟ್ಟಿ ಚೆಂಡು ಕಣ್ಣಿಗೆ ಬಡಿದರೆ ಗತಿ ಏನು? ಜಂಪ್ ಶಾಟ್ ಹೊಡೆಯುವಾಗ ಎದುರು ತುದಿಯ ಪ್ರೇಕ್ಷಕರನ್ನು ಪಕ್ಕಕ್ಕೆ ಸರಿಸಿ.

ಮಾತಿನಲ್ಲಿ ರಾಜಕೀಯ ಬೇಡ, ಆ ದೇಶದ ಜನರ ಬಗ್ಗೆ ಜೋಕ್ ಬೇಡ. ಕಾರ್ಯಾಚರಣೆ ಬಗ್ಗೆ, ಅವರು ಕಂಡ ಸಾವುನೋವಿನ ಬಗ್ಗೆ ನೀವಾಗಿ ಕೇಳಬೇಡಿ. ಅವರಾಗಿ ಹೇಳಿದರೆ ಕ್ಯೂ ಪಕ್ಕಕ್ಕಿಟ್ಟು ಕೇಳಿಸಿಕೊಳ್ಳಿ.

8. ಶೋ ಮುಗಿದ ಮೇಲಿನ ಎರಡು ಗಂಟೆ

ಚಪ್ಪಾಳೆ ಬಿದ್ದ ಕೂಡಲೇ ಕ್ಯೂ ಪೆಟ್ಟಿಗೆಗೆ ಹಾಕಬೇಡಿ. ಬಂದವರ ಜೊತೆ ಒಂದೊಂದು ಚಿಕ್ಕ ಆಟ ಆಡಿ. ಒಬ್ಬೊಬ್ಬರಿಗೂ ಒಂದೇ ಒಂದು ವಿಷಯ ಕಲಿಸಿ: ಕೈ ಹೇಗಿಡಬೇಕು, ಚಾಕ್ ಹೇಗೆ ಹಚ್ಚಬೇಕು, ಚೆಂಡು ಹಿಂದಕ್ಕೆ ಬರೋ ಹಾಗೆ ಕೆಳಗೆ ಹೇಗೆ ಹೊಡೆಯಬೇಕು. ಅದಕ್ಕಿಂತ ಜಾಸ್ತಿ ಹೇಳಿದರೆ ಯಾವುದೂ ಉಳಿಯುವುದಿಲ್ಲ.

ಇಲ್ಲೊಂದು ದೊಡ್ಡ ಹಳ್ಳ ಇದೆ. ಮಧ್ಯಪ್ರಾಚ್ಯದ ಕಡೆಯ ನೆಲೆಗಳಲ್ಲಿ 'ಜನರಲ್ ಆರ್ಡರ್ ನಂಬರ್ 1' ಅನ್ನುವ ಆದೇಶ ಇರುತ್ತದೆ. ಅದರ ಪ್ರಕಾರ ಮದ್ಯದ ಮೇಲೆ ನಿರ್ಬಂಧ, ಜೂಜಿಗೆ ನಿಷೇಧ. ಪೂಲ್ ಹಾಲ್‌ನಲ್ಲಿ ಬೆಳೆದವರಿಗೆ "ಐದು ಡಾಲರ್ ಕಟ್ತೀಯಾ?" ಅನ್ನೋದು ಬಾಯಿಗೆ ಬಂದುಬಿಡುತ್ತದೆ. ತಮಾಷೆಗೂ ಅನ್ನಬೇಡಿ. ತೊಂದರೆ ಆಗೋದು ನಿಮಗಲ್ಲ, ಆಡಿದ ಸೈನಿಕನಿಗೆ. ಪಂದ್ಯ ಇಟ್ಟು ಬಹುಮಾನ ಕೊಡಬೇಕಿದ್ದರೆ ಮೊದಲೇ ಎಂಡಬ್ಲ್ಯುಆರ್ ಮೂಲಕ ಒಪ್ಪಿಗೆ ಪಡೆಯಿರಿ. ಸೇನೆಯವರು ಹೊರಗಿನವರಿಂದ ಉಡುಗೊರೆ ತೆಗೆದುಕೊಳ್ಳುವುದಕ್ಕೂ ಕಟ್ಟುನಿಟ್ಟಿನ ನಿಯಮಗಳಿವೆ. ಬೆಲೆಬಾಳುವ ಕ್ಯೂ ಅನ್ನು ಒಬ್ಬರ ಕೈಗೆ ಕೊಡುವ ಬದಲು ಕೇಂದ್ರಕ್ಕೆ ದೇಣಿಗೆಯಾಗಿ ಕೊಡಿ.

ಜರ್ಮನಿಯ ಲಾಂಡ್‌ಸ್ಟೂಲ್‌ನಂಥ ಸೇನಾ ಆಸ್ಪತ್ರೆಗೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. ಅಲ್ಲಿಗೆ ರೆಸ್ಟ್ ಕೋಲು ತೆಗೆದುಕೊಂಡು ಹೋಗಿ. ತುದಿಯಲ್ಲಿ ಕ್ಯೂ ಇಡಲು ಕಚ್ಚು ಇರುವ ಕೋಲು ಅದು. ಒಂದೇ ಕೈ ಬಳಸುವವರು ಅದರ ಮೇಲೆ ಕ್ಯೂ ಇಟ್ಟು ಚೆನ್ನಾಗಿ ಆಡಬಹುದು. ಗಾಲಿಕುರ್ಚಿಯಲ್ಲಿ ಕೂತು ಆಡುವ ಪೂಲ್‌ಗೆ ಅಂತರರಾಷ್ಟ್ರೀಯ ಸ್ಪರ್ಧೆಗಳೇ ಇವೆ ಅನ್ನೋದನ್ನು ಅವರಿಗೆ ಹೇಳಿ. ಎಷ್ಟೋ ಜನಕ್ಕೆ ಅದು ಗೊತ್ತಿರುವುದಿಲ್ಲ.

ಹೊರಡುವ ಮುನ್ನ ಅಲ್ಲಿರುವ ಎಲ್ಲ ಕ್ಯೂಗಳ ಟಿಪ್ ನೋಡಿ. ಬಿದ್ದುಹೋದವಕ್ಕೆ ಹೊಸದು ಅಂಟಿಸಿ, ಹೇಗೆ ಅಂಟಿಸೋದು ಅಂತ ಇಬ್ಬರಿಗಾದರೂ ಕಲಿಸಿ, ಉಳಿದ ಟಿಪ್, ಚಾಕ್, ಬ್ರಷ್ ಅಲ್ಲೇ ಬಿಡಿ.

9. ಗುಟ್ಟು ಮತ್ತು ಸಮಯಪ್ರಜ್ಞೆ

ಯಾವ ನೆಲೆಗೆ, ಯಾವ ದಿನ, ಯಾವ ವಿಮಾನದಲ್ಲಿ ಹೋಗುತ್ತೀರಿ ಅನ್ನೋದನ್ನು ಮೊದಲೇ ಎಲ್ಲೂ ಹಾಕಬೇಡಿ. ಫೋನಿನ ಲೊಕೇಶನ್ ಆಫ್ ಮಾಡಿ. ಫೋಟೋ ತೆಗೆಯುವ ಮುನ್ನ ಕೇಳಿ, ಹಾಕುವ ಮುನ್ನ ಇನ್ನೊಮ್ಮೆ ಕೇಳಿ. ಹಿನ್ನೆಲೆಯಲ್ಲಿ ಗೋಡೆಯ ನಕ್ಷೆ, ವಾಹನ, ಎದೆಯ ಮೇಲಿನ ಹೆಸರು ಬಂದಿದೆಯಾ ನೋಡಿ.

ಕೆಲವು ಸಲ ನೆಲೆಯ ಇಂಟರ್‌ನೆಟ್, ಫೋನ್ ಎಲ್ಲ ಇದ್ದಕ್ಕಿದ್ದಂತೆ ನಿಂತುಹೋಗುತ್ತವೆ. ಯಾರಿಗಾದರೂ ಸಾವು ಅಥವಾ ತೀವ್ರ ಗಾಯ ಆದಾಗ, ಮನೆಯವರಿಗೆ ಸೇನೆಯ ಕಡೆಯಿಂದ ತಿಳಿಯುವ ಮುನ್ನ ಸುದ್ದಿ ಹೊರಹೋಗದಿರಲಿ ಅಂತ ಹೀಗೆ ಮಾಡುತ್ತಾರೆ. ಆಗ "ಯಾಕೆ ನೆಟ್ ಇಲ್ಲ?" ಅಂತ ಗೊಣಗಬೇಡಿ. ಶೋ ಇವತ್ತು ಬೇಡವಾದರೆ ಬೇಡ ಅಂತ ನೀವೇ ಮೊದಲು ಹೇಳಿ, ತೀರ್ಮಾನ ಅವರಿಗೆ ಬಿಡಿ. ಅಪಾಯದ ಸೈರನ್ ಕೂಗಿದರೆ ಕ್ಯೂ ಅಲ್ಲೇ ಬಿಟ್ಟು ಜೊತೆಗಿರುವ ಸೈನಿಕ ಹೇಳಿದ ಕಡೆ ಓಡಿ. ಅಡಗುದಾಣ ಎಲ್ಲಿದೆ ಅನ್ನೋದನ್ನು ನೆಲೆಗೆ ಕಾಲಿಟ್ಟ ಕೂಡಲೇ ಕೇಳಿ ತಿಳಿದುಕೊಂಡಿರಬೇಕು.

ಹೋಗೋಕಾಗದವರಿಗೆ

ಪ್ರಯಾಣ ಎಲ್ಲರಿಗೂ ಆಗುವ ಮಾತಲ್ಲ. ಪಾರ್ಸೆಲ್ ಕಳಿಸೋದು ಎಲ್ಲರಿಗೂ ಆಗುತ್ತದೆ. ಸೇನೆಯ ಅಂಚೆ ವಿಳಾಸಗಳು ಎಪಿಒ ಅಥವಾ ಎಫ್‌ಪಿಒ ಅಂತ ಇರುತ್ತವೆ. ಅಮೆರಿಕದೊಳಗಿಂದ ಅಲ್ಲಿಗೆ ದೇಶದೊಳಗಿನ ಅಂಚೆ ದರವೇ ಸಾಕು. ಆದರೆ ಕಸ್ಟಮ್ಸ್ ಫಾರ್ಮ್ ತುಂಬಬೇಕು. "ಯಾರಾದರೂ ಒಬ್ಬ ಸೈನಿಕನಿಗೆ" ಅಂತ ಬರೆದ ಪಾರ್ಸೆಲ್‌ಗಳನ್ನು 2001ರಿಂದ ತಲುಪಿಸುವುದಿಲ್ಲ, ಹೆಸರು ಬೇಕೇ ಬೇಕು. ಹಾಗಾಗಿ ಪರಿಚಯದ ಸೈನಿಕ ಅಥವಾ ಎಂಡಬ್ಲ್ಯುಆರ್ ಅಧಿಕಾರಿಯನ್ನು ಮೊದಲು ಕೇಳಿ, ಏನು ಬೇಕು ಅಂತ ಪಟ್ಟಿ ತರಿಸಿಕೊಳ್ಳಿ.

ಸಾಮಾನ್ಯವಾಗಿ ಬೇಕಾಗೋದು ಟಿಪ್, ಚಾಕ್, ಬಿಳಿ ಚೆಂಡು, ಚೆಂಡು ಜೋಡಿಸುವ ತ್ರಿಕೋನ, ಬಿಚ್ಚುವ ಕ್ಯೂ. ಒಂದೇ ತುಂಡಿನ ಉದ್ದ ಕ್ಯೂ ಕಳಿಸಬೇಡಿ, ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಬಿಚ್ಚಿದ ಕ್ಯೂನ ಅರ್ಧ ಸುಮಾರು 29 ಅಂಗುಲ, ಅಷ್ಟಕ್ಕೆ ತಕ್ಕ ಗಟ್ಟಿ ಪೆಟ್ಟಿಗೆ ಹುಡುಕಿ. ಬಟ್ಟೆ ಸ್ವಚ್ಛ ಮಾಡುವ ಸ್ಪ್ರೇ ಡಬ್ಬಿಗಳನ್ನು ಹಾಕಬೇಡಿ, ಒತ್ತಡದ ಡಬ್ಬಿಗಳು ಈ ಅಂಚೆಯಲ್ಲಿ ಹೋಗುವುದಿಲ್ಲ. ಅಂಟು ಹಾಕುವುದಿದ್ದರೆ ಯಾವ ಬಗೆಯದು ಹೋಗುತ್ತದೆ ಅಂತ ಅಂಚೆ ಕಚೇರಿಯಲ್ಲಿ ಕೇಳಿಯೇ ಹಾಕಿ. ಟಿಪ್ ಅಂಟಿಸುವ ವಿಧಾನ ಮತ್ತು ಮೇಲೆ ಹೇಳಿದ ತಾಗಿಸಿಟ್ಟ ಎರಡು ಚೆಂಡಿನ ಶಾಟ್, ಎರಡನ್ನೂ ಚಿತ್ರದ ಸಮೇತ ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಮೇಲುಗಡೆ ಇಡಿ.